ಮೂರು ಕೂಗು

ಆಟದ ವಿಮಾನದ ಮೋಟಾರಿಗೆ ವೇಗ ಏರಿಸಿ ಇಳಿಸುವ ಇಎಸ್‌ಸಿ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಎಸ್‌.ಪಿ. ರೋಡೆಲ್ಲ ಅಲೆದು, ಬಿಡಿಭಾಗ ತಂದು, ಬೆರಳು ಸುಟ್ಟುಕೊಂಡು ಮನೆಯಲ್ಲೇ ಮಾಡಿದರೆ ದುಪ್ಪಟ್ಟು ಖರ್ಚು. ಆದ್ದರಿಂದ ನಾನು ಮನೆಯಲ್ಲೇ ಮಾಡುತ್ತೇನೆ.

“ಫ್ಯಾನ್ ರೆಗ್ಯುಲೇಟರ್ ತಾನೇ ಇದು?” ಎಂದಳು ಅಮ್ಮ. ಅವಮಾನವಾಯಿತು. ಆದರೆ ಚರಿತ್ರೆ ಅವಳ ಪರವಾಗಿದೆ. ಹಿಂದೆ ಆಟದ ಕಾರುಗಳಲ್ಲಿ ಸರ್ವೋ ಒಂದು ಪುಟ್ಟ ತೋಳನ್ನು ರೆಸಿಸ್ಟರಿನ ಮೇಲೆ ಸರಿಸಿ ವೇಗ ತಗ್ಗಿಸುತ್ತಿತ್ತು. ಮೋಟಾರಿಗೆ ಬೇಡವಾದ ಶಕ್ತಿ ಬಿಸಿಯಾಗಿ ಹೋಗುತ್ತಿತ್ತು. ಹಳೆಯ ಮನೆಗಳ ಗೋಡೆಯಲ್ಲಿ ಕಾದು ಕೂತಿರುತ್ತಿದ್ದ ದಪ್ಪ ರೆಗ್ಯುಲೇಟರೂ ಅದೇ ವಂಶ.

ಈಗ ಆ ಕೆಲಸ ಮಾಸ್‌ಫೆಟ್‌ನದು: ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸುವ ಸ್ವಿಚ್ಚು. “ಐಆರ್‌ಎಫ್‌ಝಡ್44ಎನ್ ತಗೊಳ್ಳಿ ಸಾರ್, 49 ಆಂಪಿಯರ್ ತಡೆಯುತ್ತೆ” ಎನ್ನುತ್ತಾನೆ ಅಂಗಡಿಯವನು. ತಡೆಯುತ್ತದೆ, ಮೈ 25 ಡಿಗ್ರಿಯಲ್ಲೇ ತಣ್ಣಗಿದ್ದರೆ. ಬರೀ 20 ಆಂಪಿಯರ್ ಹರಿಸಿದರೂ ಅದು ಸುಮಾರು 7 ವಾಟ್ ಬಿಸಿ ಕಕ್ಕುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಕಕ್ಕುತ್ತದೆ. ನಮ್ಮ ಕಡೆಯ ಕೆಲವು ಹಿರಿಯರೂ ಹಾಗೇ.

ಬ್ರಶ್‌ಲೆಸ್ ಮೋಟಾರಿನದು ಬೇರೆಯೇ ಲೋಕ. ಮೂರು ತಂತಿ, ಕನಿಷ್ಠ ಆರು ಮಾಸ್‌ಫೆಟ್. ಯಾವುದಾದರೂ ಎರಡು ತಂತಿಗೆ ಕರೆಂಟು ಕೊಟ್ಟು, ಸುಮ್ಮನಿರುವ ಮೂರನೆಯದರಲ್ಲಿ ಹುಟ್ಟುವ ವೋಲ್ಟೇಜ್ ಅಳೆದು, ರೋಟರ್ ಎಲ್ಲಿದೆಯೆಂದು ಇಎಸ್‌ಸಿ ಊಹಿಸುತ್ತದೆ. ನಿಂತ ಮೋಟಾರಿನಲ್ಲಿ ವೋಲ್ಟೇಜ್ ಹುಟ್ಟುವುದಿಲ್ಲವಾದ್ದರಿಂದ ಮೊದಲ ಸುತ್ತನ್ನು ಕುರುಡಾಗಿಯೇ ತಳ್ಳಬೇಕು. ಒಂದೇ ತಂತಿಯ ಮೇಲಿನ, ಕೆಳಗಿನ ಮಾಸ್‌ಫೆಟ್‌ಗಳು ಕ್ಷಣಮಾತ್ರ ಒಟ್ಟಿಗೆ ಆನ್ ಆದವೋ, ಬ್ಯಾಟರಿ ಶಾರ್ಟ್, ಕೋಣೆ ತುಂಬ ಹೊಗೆ. “ಇವತ್ತೇನೋ ವಿಶೇಷ? ಧೂಪ ಹಾಕಿದ್ದೀಯ!” ಎಂದು ಆಗ ಅಡುಗೆಮನೆಯಿಂದ ವಿಚಾರಣೆ ಬರುತ್ತದೆ.

ಎಲ್ಲ ಸರಿಯಿದ್ದರೆ, ಬ್ಯಾಟರಿ ಸಿಕ್ಕಿಸಿದ ಕೂಡಲೇ ಮೋಟಾರೇ ಕೂಗುತ್ತದೆ. ಒಳಗೆ ಸ್ಪೀಕರ್ ಗೀಕರ್ ಏನಿಲ್ಲ. ತಿರುಗದಷ್ಟು ಸಣ್ಣ ಕರೆಂಟನ್ನು ಬಿಟ್ಟುಬಿಟ್ಟು ಕೊಟ್ಟರೆ ಸುರುಳಿಗಳು ಅದುರಿ ಸ್ವರ ಹೊರಡುತ್ತದೆ. ಮೂರು ಸೆಲ್ಲಿನ ಬ್ಯಾಟರಿಗೆ ಮೂರು ಕೂಗು. ಕಿವಿ ಸ್ವಲ್ಪ ಮಂದವಾಗಿರುವ ಅಮ್ಮ ಅದನ್ನೆಣಿಸಿ ಸ್ಟವ್ ಆರಿಸಿದಳು. ಅವತ್ತಿನ ಸಾರಿನಲ್ಲಿ ಬೇಳೆಗಳನ್ನು ಒಂದೊಂದಾಗಿ ಲೆಕ್ಕ ಹಾಕಬಹುದಿತ್ತು.

ಅಂಗಡಿಯ ಇಎಸ್‌ಸಿ ಆಗಿದ್ದರೆ ಹಣೆಬರಹ ಎನ್ನಬೇಕಿತ್ತು. ಇದರ ಪ್ರೋಗ್ರಾಂ ನನ್ನದೇ. ಕೂಗು ತೆಗೆದುಬಿಡುತ್ತೇನೆ ಎಂದೆ.

“ತೆಗೀಬೇಡ ಕಣೋ” ಎಂದಳು ಅಮ್ಮ. “ಇನ್ನೆರಡು ಸೇರಿಸು. ಬೇಳೆಗೆ ಐದಾದರೂ ಬೇಕು.”