ಎಂಜಿನ್ನಿಗೆ ಪೌಡರ್

ಮಳವಳ್ಳಿ ಕಡೆ ನಮ್ಮ ಭಾವನದೊಂದು ಆಲೆಮನೆ. ಗಾಣ ಕಬ್ಬಿನ ಹಾಲು ಇಳಿಸುವಷ್ಟೇ ನಿಷ್ಠೆಯಿಂದ ಅಲ್ಲಿನ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಎಣ್ಣೆ ಇಳಿಸುತ್ತಿತ್ತು. ನಾನು ಹೊರಟು ನಿಂತಾಗ ಮನೆಯಾಕೆ, "ನೀವೇನು ಮೆಕ್ಯಾನಿಕ್ಕಾ?" ಎಂದಳು. ನಾನು ಮೇಷ್ಟ್ರಾಗಿ ರಿಟೈರಾದವನು. ಗೊತ್ತಿಲ್ಲದ್ದನ್ನು ಗಂಟೆಗಟ್ಟಲೆ ವಿವರಿಸುವುದು ನನಗೆ ಹೊಸದಲ್ಲ.

ಮಂಡ್ಯದಿಂದ ಬಂದವನು ಆಯಿಲ್ ಸೀಲ್ ಹೋಗಿದೆ ಎಂದ; ಹಾಕಿಸಿದೆವು. ಮದ್ದೂರಿನವನು ಸೈಡ್ ಕವರಿನ ಪ್ಯಾಕಿಂಗ್ ಎಂದು ಶೆಲ್ಯಾಕ್ ಬಳಿದು ಕೂರಿಸಿ, ನನ್ನ ದುಡ್ಡಲ್ಲೇ ವಡೆ ತಿಂದು ಹೋದ. ಇಬ್ಬರೂ ಎಣ್ಣೆ ಕಂಡಲ್ಲಿಗೇ ಕೈ ಹಾಕಿದರೇ ಹೊರತು ಕತ್ತೆತ್ತಿ ಮೇಲೆ ನೋಡಲಿಲ್ಲ. ನೋಟು ಮಾತ್ರ ಎಣಿಸಿ ನೋಡಿಕೊಂಡರು.

ಸಣ್ಣ ವಿಮಾನಗಳಲ್ಲೂ ಇದೇ ಗೋಳು ಎಂದು ಓದಿದ್ದೆ. 1958ರಲ್ಲಿ ಬೆಂಗಳೂರಿನ ಎಚ್‌ಎಎಲ್ ಮೊದಲ ಸಲ ಹಾರಿಸಿದ ಎರಡು ಸೀಟಿನ, 90 ಅಶ್ವಶಕ್ತಿಯ ಪುಷ್ಪಕ್ ಇತ್ತಲ್ಲ, ಅಂಥವುಗಳಲ್ಲಿ ಸೋರಿದ ಎಣ್ಣೆಯನ್ನು ಗಾಳಿ ಹಿಂದಕ್ಕೆ ತಳ್ಳಿ ಹೊಟ್ಟೆಗೆಲ್ಲ ಬಳಿದುಬಿಡುತ್ತದೆ. ಅದಕ್ಕೇ ಎಂಜಿನ್ ಒರೆಸಿ, ಪೌಡರ್ ಹಾಕಿ, ತುಸು ಹೊತ್ತು ಓಡಿಸಿ, ಮೇಲೆ ಮತ್ತು ಮುಂದೆ ಯಾವ ಜಾಗ ಮೊದಲು ಒದ್ದೆಯಾಯಿತೆಂದು ನೋಡುತ್ತಾರಂತೆ. ವಿಮಾನಕ್ಕೆ ಆಗುವುದು ಆಲೆಮನೆಗೇಕಾಗಬಾರದು?

ಅಕ್ಕನ ಪೌಡರ್ ಡಬ್ಬಿ ಎತ್ತಿಕೊಂಡು ಬಂದೆ. ಎಂಜಿನ್ನನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ ಕೊರಳು, ಕಂಕುಳು, ಬೆನ್ನು ಬಿಡದೆ ಹಚ್ಚಿದೆ. ಮಲ್ಲಿಗೆ ವಾಸನೆ ಬೀರುತ್ತ ಅದು ಧಾರೆಗೆ ನಿಂತ ಮದುಮಗನ ಹಾಗೆ ಕಂಗೊಳಿಸಿತು. ಒಲೆಗೆ ರಚ್ಚು ಹಾಕುತ್ತಿದ್ದವನು ಕೆಲಸ ಬಿಟ್ಟು ಬಂದ. "ದಿಷ್ಟಿ ಬೊಟ್ಟು ಒಂದ್ ಇಕ್ಬುಡಿ ಸಾ" ಎಂದು ಯಾರೋ ಕೂಗಿದರು. ನಾನು ಟಾರ್ಚ್ ಹಿಡಿದು ಮಂಡಿಯೂರಿ, "ಹ್ಯಾಂಡಲ್ ಹೊಡೀರಿ" ಎಂದು ಅಪ್ಪಣೆ ಕೊಟ್ಟೆ.

ಫ್ಲೈವೀಲ್ ತಿರುಗಿತು. ಅದಕ್ಕೂ ಗಾಳಿ ಬೀಸುವ ಚಾಳಿಯಿದೆ. ಪೌಡರ್ ಎದ್ದು ಮೊದಲು ನನ್ನ ಕನ್ನಡಕಕ್ಕೆ, ಆಮೇಲೆ ಮೀಸೆಗೆ ಕೂತು, ಉಳಿದದ್ದು ಸಾವಕಾಶವಾಗಿ ಕೊಪ್ಪರಿಗೆಯತ್ತ ಹೊರಟಿತು. "ಪಾಕಕ್ಕೆ ಬೀಳ್ತದೆ, ಮುಚ್ರಲಾ!" ಎಂದು ಕಿರುಚಿದ ಭಾವ, ಯಾರೂ ಅಲ್ಲಾಡದ್ದನ್ನು ಕಂಡು ತಾವೇ ಪಂಚೆ ಬಿಚ್ಚಿ ಅಡ್ಡ ಹಿಡಿದರು. ಒಳಗೆ ಪಟಾಪಟಿ ಚಡ್ಡಿ. ಡಬ್ಬಿ ಹುಡುಕುತ್ತ ಅಕ್ಕ ಬಂದದ್ದು ಆಗಲೇ. ಪಟಾಪಟಿ ಚಡ್ಡಿಯ ಗಂಡ, ಬಿಳಿ ಮೀಸೆಯ ತಮ್ಮ, ಮಲ್ಲಿಗೆ ಘಮಘಮಿಸುವ ಎಂಜಿನ್. ಯಾರನ್ನು ಮೊದಲು ಬೈಯಬೇಕೆಂದು ತೋಚದೆ ಡಬ್ಬಿ ಕಿತ್ತುಕೊಂಡು ಹೋದಳು.

ಆದರೂ ಪೌಡರ್ ಸಾಕ್ಷಿ ಹೇಳಿತು. ಜೋಡಣೆಯಿದ್ದ ಕಡೆಯೆಲ್ಲ ಒದ್ದೆ; ಉಸಿರು ಬಿಡಬೇಕಾದ ಬ್ರೀದರಿನ ಬಾಯಿ ಮಾತ್ರ ಒಣ ಒಣ. ಪಿಸ್ಟನ್ ಇಳಿದಾಗ ಒಳಗಿನ ಗಾಳಿಯನ್ನು ಹೊರಬಿಟ್ಟು, ಏರಿದಾಗ ಮುಚ್ಚಿಕೊಳ್ಳುವ ತೆಳು ಬಿಲ್ಲೆ ಅದರಲ್ಲಿದೆ. ಮಡ್ಡಿಯೂ ರಚ್ಚಿನ ಧೂಳೂ ಸೇರಿ ಬಿಲ್ಲೆ ಅಂಟಿತ್ತು. ದಾರಿ ಸಿಗದ ಗಾಳಿ ಎಲ್ಲ ಪ್ಯಾಕಿಂಗಿನಲ್ಲೂ ಎಣ್ಣೆಯನ್ನು ನೂಕುತ್ತಿತ್ತು. ಡೀಸೆಲ್‌ನಲ್ಲಿ ತೊಳೆದದ್ದೇ ಸೋರಿಕೆ ನಿಂತಿತು.

ಅಷ್ಟೂ ಹೊತ್ತು ನಗದೆ ನಿಂತವನು ಕಬ್ಬಿನ ಗಾಡಿಯವನೊಬ್ಬ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. 1933ರಲ್ಲಿ ಹುಟ್ಟಿದ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಮುಚ್ಚಿ, 2022ರಲ್ಲಿ ಮತ್ತೆ ಅರೆಯತೊಡಗುವವರೆಗೆ ಇಲ್ಲಿನ ರೈತ ಕಾದದ್ದೇ ಕಾದದ್ದು. ನನ್ನ ಸಂಶೋಧನೆಗೂ ಅವನೇ ಕಾಯಬೇಕಾಯಿತು.

ಆದ್ದರಿಂದ ಎಂಜಿನ್ ಸೋರಿದರೆ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ, ಖರ್ಚಿಲ್ಲ. ಪೌಡರ್ ಹಚ್ಚಲೇಬೇಕೆಂದಿದ್ದರೆ ಕೊಪ್ಪರಿಗೆ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳಿ.