ಥಂಡರ್‌ಬೋಲ್ಟ್ ರಾಯರು

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ರೂಮನ್ನು, ಮಳೆಗಾಲದಲ್ಲಿ ಬಟ್ಟೆ ಒಣಹಾಕಲೂ ಬಿಡದೆ, ‘ಸ್ಟುಡಿಯೋ’ ಎಂದು ಕರೆಯುವ ಗಂಡಸು ನಿಮಗೆ ಗೊತ್ತಿದ್ದರೆ ನಮ್ಮ ರಾಯರನ್ನು ಬೇರೆ ಪರಿಚಯಿಸಬೇಕಿಲ್ಲ. ಗೆಳೆಯರ ಬಾಯಲ್ಲಿ ಅವರು ಥಂಡರ್‌ಬೋಲ್ಟ್ ರಾಯರು. ಹೊಸಬರು ಸಿಕ್ಕರೆ ಊರು, ಕೆಲಸ ಕೇಳುವ ಪೈಕಿಯಲ್ಲ. “ನಿಮ್ಮ ಇಂಟರ್‌ಫೇಸು ಯುಎಸ್‌ಬಿ ಎರಡಾ, ಮೂರಾ?” ಎಂದು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಯ ವಿಚಾರಣೆ. ಎರಡು ಎಂದಿರೋ, “ಪಾಪ” ಎಂದು ಭುಜ ಸವರುತ್ತಾರೆ.

ಅಂಕಿಗಳೆಲ್ಲ ಕಂಠಪಾಠ. 2000ದಲ್ಲಿ ಬಂದ ಯುಎಸ್‌ಬಿ 2.0ಕ್ಕೆ ಸೆಕೆಂಡಿಗೆ 480 ಮೆಗಾಬಿಟ್. ಅದಕ್ಕೂ ಹಳೆಯ ಫೈರ್‌ವೈರ್‌ಗೆ 400. ಲೆಕ್ಕದಲ್ಲಿ ಕಡಿಮೆಯಾದರೂ ಎಡೆಬಿಡದ ಸಾಗಣೆಯಲ್ಲಿ ಅದೇ ಮೇಲಾಗಿತ್ತು ಎನ್ನುವಾಗ ರಾಯರ ಕಣ್ಣು ತೇವವಾಗುತ್ತದೆ. ಆ ಕೇಬಲ್ಲುಗಳು ಇನ್ನೂ ಅಟ್ಟದ ಮೇಲಿವೆ. ಯುಎಸ್‌ಬಿ 3.0ಕ್ಕೆ 5 ಗಿಗಾಬಿಟ್, 2011ರ ಥಂಡರ್‌ಬೋಲ್ಟ್‌ಗೆ 10, ಅದರ ಮೂರನೆಯ ಅವತಾರಕ್ಕೆ 40. ಇಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಕಾಫಿ ಆರಿರುತ್ತದೆ.

ಇಷ್ಟಕ್ಕೂ ಆ ಕೇಬಲ್ಲಿನಲ್ಲಿ ಸಾಗಬೇಕಾದ್ದೇನು? ಒಂದು ಮೈಕಿನ ದನಿ, ಹೆಚ್ಚೆಂದರೆ ಎರಡರದ್ದು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಹಿಡಿದರೂ ಮೈಕೊಂದಕ್ಕೆ ಸೆಕೆಂಡಿಗೆ ಸುಮಾರು 2.3 ಮೆಗಾಬಿಟ್. ಗಂಡ ಹೆಂಡತಿ ಇಬ್ಬರೇ ಮೈಸೂರಿಗೆ ಹೋಗಲು ಇಡೀ ರೈಲನ್ನೇ ಬುಕ್ ಮಾಡಿ, ಬೋಗಿ ಸಾಲದು ಎಂದು ಸ್ಟೇಷನ್ ಮಾಸ್ತರರ ಹತ್ತಿರ ಜಗಳಕ್ಕೆ ನಿಂತ ಹಾಗಾಯಿತು.

ಸೋದರಳಿಯ ಇದನ್ನು ಒಮ್ಮೆ ಹೇಳಿನೋಡಿದ. “ಲೇಟೆನ್ಸಿ ಕಣೋ, ಲೇಟೆನ್ಸಿ!” ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಕೇಳುವ ರೋಗ ಅದು. ನಿಜ, ಇದೆ. ಆದರೆ ಅದರ ಮದ್ದು ಬಹುಪಾಲು ಡ್ರೈವರ್‌ನಲ್ಲಿ ಮತ್ತು ದನಿಯನ್ನು ಕಂತುಕಂತಾಗಿ ಕೂಡಿಟ್ಟುಕೊಳ್ಳುವ ಬಫರ್‌ನಲ್ಲಿದೆಯೇ ಹೊರತು ಕೇಬಲ್ಲಿನಲ್ಲಲ್ಲ. 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ಲಿನ ಬಫರ್ ಎಂದರೆ 23 ಮಿಲಿಸೆಕೆಂಡ್. 128ಕ್ಕೆ ಇಳಿಸಿದರೆ ಮೂರರೊಳಗೆ. ಮೂರು ಮಿಲಿಸೆಕೆಂಡಿನಲ್ಲಿ ದನಿ ಗಾಳಿಯಲ್ಲಿ ದಾಟುವುದು ಒಂದೇ ಮೀಟರು. ಕಛೇರಿಯಲ್ಲಿ ಮೃದಂಗದವರು ಅಷ್ಟು ದೂರ ಕೂತೇ ತಾಳ ಬಿಡದೆ ನುಡಿಸುತ್ತಾರೆ. ಬಫರ್ ಇಳಿಸಲು ಬೇಕಾದ್ದು ಮೌಸಿನ ಒಂದು ಕ್ಲಿಕ್ಕು, ಖರ್ಚು ಸೊನ್ನೆ. ಪುಕ್ಕಟೆ ಮದ್ದಿನಲ್ಲಿ ರಾಯರಿಗೆ ನಂಬಿಕೆಯಿಲ್ಲ.

ಕೆಳಗಿನ ಮನೆಯ ಅಜ್ಜಿ ಒಂದು ದೇವರನಾಮ ರೆಕಾರ್ಡ್ ಮಾಡಿಸಿ ಅಮೆರಿಕದ ಮೊಮ್ಮಗಳಿಗೆ ಕಳಿಸಬೇಕೆಂದು ಬಂದರು. “ಒಂದ್ನಿಮಿಷ ಕೂತ್ಕೊಳಿ ಅಮ್ಮ, ಹೊಸ ಇಂಟರ್‌ಫೇಸು, ಟೈಪ್ ಸಿ!” ಎಂದು ರಾಯರು ಸಂಭ್ರಮದಿಂದ ಮ್ಯಾನ್ಯುಯಲ್ ಬಿಚ್ಚಿದರು. ತೂತಿನ ಆಕಾರ ಮಾತ್ರ ಸಿ, ಒಳಗಿದ್ದದ್ದು ಅದೇ 2.0. ರಾಯರು ಕುಸಿದು ಕೂತರು. ಅಜ್ಜಿ ಸ್ವಲ್ಪ ಹೊತ್ತು ಕಾದು, “ಸಾರಿಗೆ ಒಗ್ಗರಣೆ ಹಾಕ್ಬೇಕಪ್ಪಾ” ಎಂದು ಎದ್ದುಹೋದರು.

ಥಂಡರ್‌ಬೋಲ್ಟಿನದು ಬಂದ ಮೇಲೆ ಅಂತೂ ಹಾಡಿಸಿದರು. ಪಲ್ಲವಿಯ ಜತೆಗೆ ಕುಕ್ಕರಿನ ಮೂರು ಕೂಗು, ಎದುರು ಸೈಟಿನ ಬೋರ್‌ವೆಲ್ ಲಾರಿ, ತರಕಾರಿ ಗಾಡಿಯವನ “ಸೊಪ್ಪೋ ಸೊಪ್ಪು” ಎಲ್ಲವೂ 40 ಗಿಗಾಬಿಟ್ ವೇಗದಲ್ಲಿ, ಒಂದಕ್ಷರ ನಷ್ಟವಾಗದೆ ಕಂಪ್ಯೂಟರ್ ಸೇರಿದವು. ಅಜ್ಜಿ ಕೊನೆಗೆ ಫೋನಿನಲ್ಲೇ ಹಾಡಿ ವಾಟ್ಸಾಪ್ ಮಾಡಿದರಂತೆ.

ಮನೆಯಲ್ಲಿ ಒಂದೆರಡು ಮೈಕು ಇಟ್ಟು ಹಾಡುವವರಿಗೆ ಯುಎಸ್‌ಬಿ 2.0 ಧಾರಾಳವಾಯಿತು. ಉಳಿದ ದುಡ್ಡಿಗೆ ದಪ್ಪ ಪರದೆ, ಜಮಖಾನ ತಂದು ರೂಮಿಗೆ ಹಾಕಿ. ರಾಯರು ಕೇಳಿದರೆ ನಾನು ಹೇಳಿದೆ ಅನ್ನಬೇಡಿ.