ಕಲ್ಲಪ್ಪನ ಪಹಣಿ

ನಮ್ಮ ಭಾವನಿಗೆ ಅರ್ಥವಾಗದ ವಿಷಯ ಈ ಲೋಕದಲ್ಲಿ ಇಲ್ಲ, ಅದನ್ನು ಪಹಣಿಯ ಭಾಷೆಯಲ್ಲಿ ಹೇಳಬೇಕು ಅಷ್ಟೆ. ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದೇ ಮಂಡಿಚಿಪ್ಪು ಸವೆಸಿಕೊಂಡವರು. ಗಂಡು ನೋಡಲು ಹೋದರೂ ಹುಡುಗನ ನಕ್ಷತ್ರಕ್ಕಿಂತ ಮೊದಲು ಸರ್ವೆ ನಂಬರು ಕೇಳುತ್ತಾರೆ. ನಾನೋ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪರಮಾಣು ರಚನೆ ಪಾಠ ಮಾಡಿ, ಬೋರ್ಡಿನ ಮೇಲೆ ಸೊನ್ನೆಯ ಸುತ್ತ ಸೊನ್ನೆ ಬರೆದು, ಮಕ್ಕಳಿಗೆ ಅರ್ಧ ಸುಳ್ಳು ಹೇಳಿ ನಿವೃತ್ತನಾದವನು. ಹೋದ ಭಾನುವಾರ ಇಬ್ಬರೂ ತೊಣ್ಣೂರು ಕೆರೆ ಏರಿಯ ಮೇಲೆ ಕೂತಿದ್ದೆವು. ನಡುವೆ ಒಂದು ಪೊಟ್ಟಣ ಹುರಿದ ಕಡಲೆಕಾಯಿ.

"ಏನ್ ಮೇಷ್ಟ್ರೇ, ನಮ್ ಜಿಲ್ಲೇಲಿ ಅದೇನೋ ಬ್ಯಾಟ್ರಿ ಕಲ್ಲು ಸಿಕ್ತಂತಲ್ಲಾ. ಏನಾಯ್ತು ಅದು?"

ಮರಳಗಾಲ, ಅಲ್ಲಾಪಟ್ಟಣದ ಮಾತು. ತೊಣ್ಣೂರಿಗೆ ಪಕ್ಕದ ಶ್ರೀರಂಗಪಟ್ಟಣ ತಾಲೂಕು. ಅಣುಶಕ್ತಿ ಇಲಾಖೆಯ ಪರಮಾಣು ಖನಿಜ ನಿರ್ದೇಶನಾಲಯದವರು ಅಲ್ಲಿನ ಬಂಡೆಗಳಲ್ಲಿ ಲಿಥಿಯಂ ಇದೆ ಎಂದು ಪತ್ತೆ ಮಾಡಿದ್ದರು. 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. ಮಂಡ್ಯ ಇನ್ನೇನು ಕುವೈತ್ ಆಗುತ್ತದೆ, ಕಬ್ಬಿನ ಬಾಕಿ ಯಾರಿಗೆ ಬೇಕು ಎಂದು ಟೀ ಅಂಗಡಿಗಳಲ್ಲಿ ತೀರ್ಮಾನವೂ ಆಯಿತು. ಮರುವರ್ಷ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ 1,600 ಟನ್, ಅದೂ ಅಂದಾಜಿನದು.

"ಅಷ್ಟೇಯಾ? ಸರ್ವೆ ಮಾಡುಸ್ದೇಟ್ಗೆ ಜಮೀನು ಕಮ್ಮಿ ಆಗೋದು ಹೊಸದೇನಲ್ಲ ಬುಡು" ಅಂದರು ಭಾವ. ಅವರ ಎರಡು ಗುಂಟೆ ಹೋದದ್ದೂ ಹೀಗೆಯೇ.

ಲಿಥಿಯಂ ಎಂಬ ಹೆಸರು ಕೇಳಲು ಏನೋ ದೊಡ್ಡ ಮನೆತನದ್ದು ಅನ್ನಿಸುತ್ತದೆ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್ಸನ್ ಎಂಬಾತ ಒಂದು ಕಲ್ಲನ್ನು ವಿಶ್ಲೇಷಿಸುವಾಗ ಲೆಕ್ಕಕ್ಕೆ ಸಿಗದ ಈ ಹೊಸ ಧಾತು ಕಂಡ. ಕಲ್ಲಿನಲ್ಲಿ ಸಿಕ್ಕಿದ್ದಕ್ಕೆ, ಗ್ರೀಕಿನಲ್ಲಿ ಕಲ್ಲಿಗೆ ಏನನ್ನುತ್ತಾರೋ ಆ 'ಲಿಥೋಸ್' ಎಂಬುದನ್ನೇ ಹೆಸರಿಗೆ ಅಂಟಿಸಿದರು. ನಮ್ಮ ಕಡೆ ಹುಟ್ಟಿದ್ದರೆ ಸರಾಗವಾಗಿ ಕಲ್ಲಪ್ಪ ಅಂತ ಕರೆದು ತೊಟ್ಟಿಲು ತೂಗಿಬಿಡುತ್ತಿದ್ದೆವು. ತಮಾಷೆ ಏನೆಂದರೆ ಈ ಕಲ್ಲಪ್ಪ ನೀರಲ್ಲಿ ತೇಲುತ್ತಾನೆ. ನೀರಿನ ಅರ್ಧದಷ್ಟೇ ಸಾಂದ್ರತೆ. ಒಂದು ತುಂಡು ಲಿಥಿಯಂ ಲೋಹ ತಂದು ಈ ಕೆರೆಗೆ ಹಾಕಿದರೆ ಬುಸುಗುಟ್ಟುತ್ತಾ, ಹೈಡ್ರೋಜನ್ ಬಿಡುತ್ತಾ, ಮೇಲೆಯೇ ಓಡಾಡಿ ಕರಗಿಹೋಗುತ್ತದೆ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ನೀರಿನ ತಿಳಿ ನೋಡಿ ಮೋತಿ ತಲಾಬ್ ಎಂದು ಹೊಗಳಿ ಹೋದನಲ್ಲ, ಅಂಥ ನೀರಿನಲ್ಲಿ ಈ ಪ್ರಯೋಗ ಮಾಡುವುದು ಬೇಡ. ಬೇಕಾದರೆ ನಾಲೆಯಲ್ಲಿ ಮಾಡೋಣ ಅಂದೆ. ಭಾವ ತಮ್ಮ ಗದ್ದೆಗೆ ನೀರು ಬರುವ ನಾಲೆ ಬಿಟ್ಟು ಬೇರೆ ಯಾವುದಾದರೂ ಆಗಬಹುದು ಎಂದರು.

"ಒಳಗೇನೈತೆ ಅದ್ರಲ್ಲಿ?"

ನಾನು ಪೊಟ್ಟಣದಿಂದ ಒಂದು ಕಡಲೆಬೀಜ ತೆಗೆದು ಏರಿಯ ಕಲ್ಲಿನ ಮೇಲೆ ಇಟ್ಟೆ. ಇದೇ ಕಲ್ಲಪ್ಪನ ಪರಮಾಣುವಿನ ಬೀಜ, ನ್ಯೂಕ್ಲಿಯಸ್ಸು ಅಂದುಕೊಳ್ಳಿ. ಇದರೊಳಗೆ ಮೂರು ಪ್ರೋಟಾನು, ನಾಲ್ಕು ನ್ಯೂಟ್ರಾನು, ಒಟ್ಟು ಏಳು ಜನ ಒತ್ತೊತ್ತಾಗಿ ಕೂತಿದ್ದಾರೆ. ಹೊರಗೆ ಓಡಾಡಿಕೊಂಡಿರುವುದು ಮೂರು ಎಲೆಕ್ಟ್ರಾನು. ಬೀಜ ಕಡಲೆಬೀಜದಷ್ಟಾದರೆ ಒಟ್ಟು ಪರಮಾಣು ಸುಮಾರು ಆರುನೂರು ಮೀಟರಿನ ಗೋಳ. ಅಂದರೆ ಇಲ್ಲಿಂದ ಆ ಕಡೆಗೆ ಮುನ್ನೂರು, ಈ ಕಡೆಗೆ ಮುನ್ನೂರು, ಮೇಲಕ್ಕೂ ಮುನ್ನೂರು, ನೆಲದೊಳಕ್ಕೂ ಮುನ್ನೂರು.

"ಮಧ್ಯದಲ್ಲಿ?"

"ಏನೂ ಇಲ್ಲ ಭಾವ. ಖಾಲಿ."

ಭಾವ ಕಡಲೆಬೀಜವನ್ನೂ ಆಚೆಯ ಗುಡ್ಡವನ್ನೂ ಎರಡು ಸಲ ನೋಡಿದರು. "ಇಷ್ಟ್ ಖಾಲಿ ಜಾಗ ಮಡಿಕೊಂಡು ಇನ್ನೂ ಲೇಔಟ್ ಮಾಡಿಲ್ಲ ಅಂದ್ರೆ, ಖಾತೆ ತಕರಾರಿರ್ಬೇಕು ಕಣಪ್ಪ."

ಕಡಲೆಬೀಜ ತಿಂದೂಬಿಟ್ಟರು.

ಈ ಖಾಲಿ ಜಾಗ ಕಂಡುಹಿಡಿದವನು ರುದರ್‌ಫರ್ಡ್, 1911ರಲ್ಲಿ. ಅದಕ್ಕೆ ಮೊದಲು ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನು ಪತ್ತೆ ಮಾಡಿ, ಪರಮಾಣು ಎಂದರೆ ಕೇಸರಿಬಾತು, ಅದರಲ್ಲಿ ಗೋಡಂಬಿಯ ಹಾಗೆ ಎಲೆಕ್ಟ್ರಾನು ಸಿಕ್ಕಿಕೊಂಡಿರುತ್ತದೆ ಎಂಬಂಥ ಚಿತ್ರ ಕೊಟ್ಟಿದ್ದ. ರುದರ್‌ಫರ್ಡನ ಹುಡುಗರು ಚಿನ್ನದ ತಗಡಿಗೆ ಆಲ್ಫಾ ಕಣ ಹೊಡೆದು ನೋಡಿದರು. ಹೆಚ್ಚಿನವು ಏನೂ ಆಗದ ಹಾಗೆ ಆಚೆ ಹೋದವು. ಸಾವಿರಾರರಲ್ಲಿ ಒಂದು ಮಾತ್ರ ಹೊಡೆದವನ ಕಡೆಗೇ ವಾಪಸ್ಸು ಬಂತು. ಕೇಸರಿಬಾತು ಗುಂಡನ್ನು ವಾಪಸ್ಸು ಕಳಿಸುವುದಿಲ್ಲ. ನಮ್ಮಕ್ಕ ಮಾಡಿದ್ದು ಬಿಟ್ಟರೆ.

ತೂಕದ ಲೆಕ್ಕ ಇನ್ನೂ ಅನ್ಯಾಯ. ಒಂದು ಪ್ರೋಟಾನು 1,836 ಎಲೆಕ್ಟ್ರಾನುಗಳ ತೂಕ. ಕಲ್ಲಪ್ಪನ ಪರಮಾಣುವನ್ನು ಹತ್ತು ಸಾವಿರ ಪಾಲು ಮಾಡಿದರೆ ಎಲೆಕ್ಟ್ರಾನುಗಳಿಗೆ ಮೂವರಿಗೂ ಸೇರಿ ಎರಡು ಚಿಲ್ಲರೆ ಪಾಲು. ಮಿಕ್ಕಿದ್ದೆಲ್ಲ ಕಡಲೆಬೀಜದ್ದು. ಆದರೆ ಆರುನೂರು ಮೀಟರಿನಲ್ಲಿ ಓಡಾಡುವವರು, ಇನ್ನೊಂದು ಪರಮಾಣುವಿನ ಜೊತೆ ಕೊಡು-ಕೊಳ್ಳು, ಜಗಳ-ನಂಟಸ್ತನ ಎಲ್ಲ ಮಾಡುವವರು ಈ ಹಗುರದ ಮೂವರೇ.

"ಅಂಗ್ ಹೇಳು" ಎಂದು ಭಾವ ತೊಡೆ ತಟ್ಟಿದರು. "ಪಹಣಿ ಒಂಬತ್ತನೇ ಕಾಲಂನಲ್ಲಿ ಪ್ರೋಟಾನು. ಹನ್ನೆರಡನೇ ಕಾಲಂನಲ್ಲಿ ಎಲೆಕ್ಟ್ರಾನು."

ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಒಂಬತ್ತನೇ ಕಾಲಂ ಎಂದರೆ ಮಾಲೀಕ, ಹನ್ನೆರಡು ಎಂದರೆ ಉಳುವವನು. ಮಾಲೀಕ ಎಷ್ಟು ಜನ ಎಂಬುದರ ಮೇಲೆ ಹೆಸರು ನಿಂತಿದೆ. ಮೂರು ಪ್ರೋಟಾನು ಇದ್ದರೆ ಲಿಥಿಯಂ, ಆರಿದ್ದರೆ ಇಂಗಾಲ, ಎಪ್ಪತ್ತೊಂಬತ್ತಿದ್ದರೆ ಚಿನ್ನ. ಉಳುವವನು ಬಂದರೂ ಹೋದರೂ ಹೆಸರು ಬದಲಾಗುವುದಿಲ್ಲ, ಬೆಳೆ ಮಾತ್ರ ಅವನದೇ. ದೇವರಾಜ ಅರಸರ ಕಾಲದ ಭೂಸುಧಾರಣೆ ಪರಮಾಣುವಿನೊಳಕ್ಕೆ ಹೋಗಲಿಲ್ಲ, ಪುಣ್ಯ. 1974ರಲ್ಲಿ ಉಳುವವನೇ ಒಡೆಯ ಎಂದು ಅಲ್ಲೂ ಡಿಕ್ಲರೇಷನ್ ಕೊಟ್ಟಿದ್ದರೆ ಚಿನ್ನ ಯಾವುದು ಕಬ್ಬಿಣ ಯಾವುದು ಎನ್ನುವುದೇ ಕಷ್ಟವಾಗುತ್ತಿತ್ತು.

ನ್ಯೂಟ್ರಾನುಗಳ ಕಥೆ ಕೇಳಿದರು. ಅವು ಮನೆಯಲ್ಲಿರುವ ಸೋದರಮಾವಂದಿರು. ತೂಕ ಉಂಟು, ವಿದ್ಯುದಂಶ ಇಲ್ಲ, ಹೆಸರಿಗೆ ಲೆಕ್ಕವಿಲ್ಲ, ಆದರೆ ಅವರಿಲ್ಲದಿದ್ದರೆ ಪ್ರೋಟಾನು ಪ್ರೋಟಾನು ಒಂದನ್ನೊಂದು ತಳ್ಳಿ ಮನೆ ಒಡೆಯುತ್ತದೆ. ಕಲ್ಲಪ್ಪನ ಕೆಲವು ಮನೆಗಳಲ್ಲಿ ನಾಲ್ಕರ ಬದಲು ಮೂರೇ ನ್ಯೂಟ್ರಾನು. ಅದಕ್ಕೆ ಲಿಥಿಯಂ-6 ಎನ್ನುತ್ತಾರೆ. ಅದಕ್ಕೊಂದು ನ್ಯೂಟ್ರಾನು ಹೊಡೆದರೆ ಟ್ರಿಟಿಯಂ ಹುಟ್ಟುತ್ತದೆ, ಹೈಡ್ರೋಜನ್ ಬಾಂಬಿಗೆ ಬೇಕಾದ ಸರಕು. ನಮ್ಮ ಜಿಲ್ಲೆಯ ಕಲ್ಲು ಹುಡುಕಲು ಅಣುಶಕ್ತಿಯವರು ಬಂದದ್ದು ಸುಮ್ಮನೆ ಅಲ್ಲ. 2023ರವರೆಗೂ ಲಿಥಿಯಂ ನಮ್ಮ ದೇಶದ ಕಾನೂನಿನಲ್ಲಿ ಪರಮಾಣು ಖನಿಜಗಳ ಪಟ್ಟಿಯಲ್ಲೇ ಇತ್ತು. ಆ ವರ್ಷ ಗಣಿ ಕಾಯ್ದೆ ತಿದ್ದಿ ಪಟ್ಟಿಯಿಂದ ಕೈಬಿಟ್ಟರು.

ಮನೆ ಒಡೆಯುವ ಮಾತು ಬಂದದ್ದೇ ಭಾವನಿಗೆ ಹುರುಪು. ಪಾಲಾಗಿದ್ದುಂಟಾ ಅಂದರು. ಆಗಿದೆ. 1932ರಲ್ಲಿ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಲ್ಲಿ ವೇಗ ಕೊಟ್ಟು ಒಂದು ಪ್ರೋಟಾನನ್ನು ಈ ಕಲ್ಲಪ್ಪನ ಮನೆಗೇ ನುಗ್ಗಿಸಿದರು. ಏಳು ಜನ ಎಂಟಾದರು. ತಕ್ಷಣ ಎರಡು ಪಾಲು: ಇಬ್ಬರು ಪ್ರೋಟಾನು, ಇಬ್ಬರು ನ್ಯೂಟ್ರಾನು ಈ ಕಡೆಗೆ, ಅಷ್ಟೇ ಜನ ಆ ಕಡೆಗೆ. ಎರಡೂ ಹೀಲಿಯಂ ಬೀಜಗಳು. ಗುಲಗಂಜಿ ಹೆಚ್ಚುಕಮ್ಮಿ ಇಲ್ಲ.

"ಅಯ್ಯಯ್ಯೋ!" ಎಂದು ಭಾವ ಕೈಮುಗಿದರು. ಅವರ ಪಾಲಿನ ಕೇಸಿಗೆ ಈ ಯುಗಾದಿಗೆ ಹತ್ತೊಂಬತ್ತು ವರ್ಷ.

"ಆದರೆ ಭಾವ, ಪಾಲಾದ ಮೇಲೆ ಎರಡನ್ನೂ ಕೂಡಿಸಿ ತೂಗಿದರೆ ಮೊದಲಿಗಿಂತ ಚೂರು ಕಮ್ಮಿ. ಅಷ್ಟು ತೂಕ ಶಕ್ತಿಯಾಗಿ ಹೊರಟುಹೋಗಿರುತ್ತೆ."

"ಅದು ಲಾಯರ್ ಫೀಸು."

ಒಂದೊಂದು ಪ್ರೋಟಾನಿನ ಒಳಗೂ ಮೂವರು ಅಣ್ಣತಮ್ಮಂದಿರಿದ್ದಾರೆ, ಕ್ವಾರ್ಕುಗಳು ಅಂತ. ಇಬ್ಬರು 'ಅಪ್', ಒಬ್ಬ 'ಡೌನ್'. ನ್ಯೂಟ್ರಾನಿನಲ್ಲಿ ಇದು ತಿರುಗುಮುರುಗು. ಈ ಮೂವರನ್ನು ತಕ್ಕಡಿಗೆ ಹಾಕಿದರೆ ಪ್ರೋಟಾನಿನ ತೂಕದ ನೂರಕ್ಕೆ ಒಂದು ಪಾಲು ಹತ್ತಿರ ಬರುತ್ತದೆ. ಮಿಕ್ಕ ತೊಂಬತ್ತೊಂಬತ್ತು? ಅವರ ಎಳೆದಾಟ, ಓಡಾಟ, ಕಟ್ಟಿಹಾಕಿಕೊಂಡಿರುವ ಬಿಗಿ, ಎಲ್ಲದರ ಶಕ್ತಿಯೇ ತೂಕವಾಗಿ ಕಾಣುತ್ತದೆ. ಮನೆಯ ಜನಕ್ಕಿಂತ ಮನೆಯ ರಂಪವೇ ಭಾರ ಅನ್ನಿ. ಮೂವರಲ್ಲಿ ಒಬ್ಬನನ್ನು ಹೊರಗೆ ಎಳೆಯಲು ಹೋದರೆ, ಎಳೆದ ಶಕ್ತಿಯಿಂದಲೇ ಹೊಸ ಕ್ವಾರ್ಕು ಜೋಡಿ ಹುಟ್ಟಿ ಅವನಿಗೆ ಅಂಟಿಕೊಳ್ಳುತ್ತದೆ. ಒಂಟಿ ಕ್ವಾರ್ಕನ್ನು ಇಲ್ಲಿಯವರೆಗೆ ಯಾರೂ ಹಿಡಿದಿಲ್ಲ. ಪಾಲು ಕೇಳಿದ ದಿನವೇ ಹೊಸ ದಾಯಾದಿ ಹುಟ್ಟುವ ಸಂಸಾರ. ಭಾವ ಇದಕ್ಕೆ ಮಾತಾಡಲಿಲ್ಲ, ಒಂದು ಕಡಲೆಕಾಯಿ ಬಿಡಿಸಿ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಬೀಜವನ್ನು ಎಸೆದರು.

"ಸರಿ ಕಣಪ್ಪ. ಆ ಎಲೆಕ್ಟ್ರಾನು ಈಗ ಈ ಗಳಿಗೇಲಿ ಎಲ್ಲೈತೆ? ಅದುನ್ನ್ ಹೇಳು."

ಇಲ್ಲಿಗೆ ಬಂತು ನನ್ನ ಮೂವತ್ತು ವರ್ಷದ ಸುಳ್ಳು. ಬೋರ್ಡಿನ ಮೇಲೆ ಗ್ರಹಗಳ ಹಾಗೆ ಸುತ್ತುತ್ತದೆ ಎಂದು ಉಂಗುರ ಬರೆದು ತೋರಿಸಿದ್ದೆ. ಹಾಗಿಲ್ಲ. ತೊಣ್ಣೂರಿನಲ್ಲೇ ಕೂತು ಹೇಳುವುದಕ್ಕೆ ಒಂದು ಅನುಕೂಲ ಇದೆ. ರಾಮಾನುಜಾಚಾರ್ಯರು ಇಲ್ಲಿದ್ದಾಗ ಸಾವಿರ ಜೈನ ವಿದ್ವಾಂಸರು ಒಟ್ಟಿಗೇ ಪ್ರಶ್ನೆ ಕೇಳಿದರಂತೆ. ಆಚಾರ್ಯರು ತೆರೆ ಕಟ್ಟಿಸಿ ಹಿಂದೆ ಕೂತರು. ಒಳಗಿನಿಂದ ಸಾವಿರ ಪ್ರಶ್ನೆಗೂ ಏಕಕಾಲಕ್ಕೆ ಉತ್ತರ ಬಂತು. ಒಬ್ಬ ತೆರೆ ಸರಿಸಿ ಇಣುಕಿದರೆ ಸಾವಿರ ಹೆಡೆಯ ಆದಿಶೇಷ. ಇದು ಇಲ್ಲಿನ ಸ್ಥಳಪುರಾಣ. ಎಲೆಕ್ಟ್ರಾನಿನದು ಇದರ ಉಲ್ಟಾ. ತೆರೆಯ ಹಿಂದಿರುವಾಗ ಸಾವಿರ ಕಡೆ ಇರುವ ಹಾಗೆ ನಡೆದುಕೊಳ್ಳುತ್ತದೆ, ಆರುನೂರು ಮೀಟರಿಗೂ ಹೊಗೆಯ ಹಾಗೆ ಹರಡಿಕೊಂಡು. ತೆರೆ ಸರಿಸಿ ಅಳೆಯಲು ಹೋದಿರೋ, ಒಂದೇ ಒಂದು ಕಡೆ, ಒಂದೇ ಒಂದು ಕಣ, ಮುಗ್ಧನ ಹಾಗೆ ನಿಂತಿರುತ್ತದೆ.

"ಊರಲ್ಲಿ ಸಾಲ ಮಾಡ್ಕಂಡೋನು ಇಂಗೇ ಕಣ್ಲಾ" ಅಂದರು ಭಾವ. ಆಚಾರ್ಯರ ಕಥೆಗೆ ಕೈಮುಗಿದು, ಎಲೆಕ್ಟ್ರಾನಿನ ಕಥೆಗೆ ಉಗಿದರು.

ಇನ್ನು ಈ ಮೂವರು ಕೂರುವ ವ್ಯವಸ್ಥೆ. ಪಾಂಡವಪುರದ ಬಸ್ಸಿನಲ್ಲಿ ಇಬ್ಬರ ಸೀಟು ಇರುತ್ತದಲ್ಲ, ಹಾಗೆ. ಬೀಜಕ್ಕೆ ಹತ್ತಿರದ ಮೊದಲ ಮಟ್ಟದಲ್ಲಿ ಇಬ್ಬರಿಗೇ ಜಾಗ. ಸ್ವಲ್ಪ ಜರುಗಿ ಎಂದರೆ ಜರುಗುವುದಿಲ್ಲ. ಅದು ಪೌಲಿ ಎಂಬ ವಿಜ್ಞಾನಿ ಹಾಕಿದ ನಿಯಮ, ಯಾವ ಕಂಡಕ್ಟರೂ ಸಡಿಲಿಸಲಾರ. ನಾವು ಕೂತ ಈ ಕಲ್ಲು ಒಳಗೆಲ್ಲ ಖಾಲಿಯಾಗಿದ್ದರೂ ನಾವು ಕೆಳಕ್ಕೆ ಇಳಿದುಹೋಗದಿರುವುದು ಮುಖ್ಯವಾಗಿ ಈ ಜರುಗದ ಹಟದಿಂದಲೇ. ಕಲ್ಲಪ್ಪನ ಮೂರನೆಯವನಿಗೆ ಸೀಟಿಲ್ಲ, ಫುಟ್‌ಬೋರ್ಡಿನ ಮೇಲೆ ನಿಂತಿದ್ದಾನೆ. ಒಳಗಿನವನನ್ನು ಇಳಿಸಲು ಬೇಕಾಗುವ ಶಕ್ತಿಗೆ ಹೋಲಿಸಿದರೆ ಇವನಿಗೆ ಹದಿನಾಲ್ಕನೆಯ ಒಂದು ಪಾಲು ಸಾಕು. ಹಾರನ್ ಹೊಡೆದರೆ ಇಳಿಯುತ್ತಾನೆ.

ಜಗತ್ತು ಮರಳಗಾಲದ ಕಡೆ ಕಣ್ಣು ಹಾಕಿದ್ದು ಈ ಒಬ್ಬನಿಗಾಗಿ. ತೂಕದ ಏಳು ಜನ ಯಾರಿಗೂ ಬೇಡ. ಬ್ಯಾಟರಿಯ ಒಂದು ಬದಿಯಲ್ಲಿ ಕಲ್ಲಪ್ಪನನ್ನು ಇಂಗಾಲದ ಪದರಗಳ ಸಂದಿಯಲ್ಲಿ ಕೂರಿಸಿರುತ್ತಾರೆ. ನೀವು ಫೋನು ಒತ್ತಿದಾಗ ಫುಟ್‌ಬೋರ್ಡಿನವನು ಇಳಿದು ಹೊರಗಿನ ತಂತಿಯ ರಸ್ತೆ ಹಿಡಿಯುತ್ತಾನೆ. ಹೋಗುವ ದಾರಿಯಲ್ಲಿ ನಿಮ್ಮ ವಾಟ್ಸಾಪು, ಟಾರ್ಚು, ರೀಲ್ಸು ಎಲ್ಲದರ ಕೂಲಿ ಮಾಡಿಕೊಡುತ್ತಾನೆ. ಅವನನ್ನು ಕಳೆದುಕೊಂಡ ಕಲ್ಲಪ್ಪ ಒಳದಾರಿಯಲ್ಲಿ ಈಜಿಕೊಂಡು ಆಚೆ ದಡ ಸೇರುತ್ತಾನೆ. ಫೋನಿನ ಬ್ಯಾಟರಿಯಲ್ಲಿ ಇರುವ ಲಿಥಿಯಂ ಒಂದು ಗ್ರಾಂ ಆಸುಪಾಸು. ಆದರೆ ಎಣಿಸಿದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕುವಷ್ಟು ಕಲ್ಲಪ್ಪಂದಿರು.

ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಹಿಡಿದರಲ್ಲ, ಆ ಕಥೆಯನ್ನೂ ಶುರು ಮಾಡಿದೆ. ಯಾರ ಬದುವನ್ನೂ ಮುಟ್ಟದೆ ಎಲ್ಲರ ಹೊಲದಲ್ಲೂ ಹಾದುಹೋಗುವ ಕಣ ಅದು, ಒಂದು ಎಕರೆಯ ಪಹಣಿಯೂ ಇಲ್ಲ ಅಂದೆ. ಭಾವನಿಗೆ ಜಮೀನಿಲ್ಲದವರ ಕಥೆ ಹಿಡಿಸುವುದಿಲ್ಲ. ಜೊತೆಗೆ ಅಕ್ಕ ಮುದ್ದೆ ಕಟ್ಟುವ ಹೊತ್ತಾಗಿತ್ತು. ಬರುತ್ತಿದ್ದೇವೆ ಎಂದು ಹೇಳಲು ಫೋನು ತೆಗೆದು ಕಿವಿಗಿಟ್ಟರು, ಕೆಳಗಿಳಿಸಿ ನೋಡಿದರು, ಎರಡು ಸಲ ಅಂಗೈಗೆ ಬಡಿದರು. ಪರದೆ ಕಪ್ಪು.

"ಉಳೋರೆಲ್ಲಾ ಆ ಕಡಿಕ್ಕೆ ಒಂಟೋದ್ರಾ?"

"ಹೂಂ ಭಾವ. ವಾಪಸ್ಸು ಕಳಿಸೋಕೆ ಚಾರ್ಜಿಗೆ ಹಾಕಬೇಕು."

"ಮನೇಲಿ ಕರೆಂಟೈತಾ ಅಂತ ನಿಮ್ಮಕ್ಕನ್ನ ಕೇಳು."

ನನ್ನ ಫೋನು ಅವರ ಮನೆಯಲ್ಲೇ ಚಾರ್ಜಿಗೆ ಹಾಕಿ ಬಂದಿದ್ದೆ.